ಕಿರು ಮೌಂಟನ್ ಬೈಕ್ ರೇಸಿನಲ್ಲಿ ಜೊತೆಗೆ ಏನಿರಬೇಕು?

ಪ್ರಶ್ನೆ: ಮುಂದಿನ ತಿಂಗಳು, ಮಾರ್ಚಿನಲ್ಲಿ, ಮೊದಲ ಬಾರಿಗೆ ಕ್ರಾಸ್ ಕಂಟ್ರಿ ಮೌಂಟನ್ ಬೈಕ್ ರೇಸಿನಲ್ಲಿ ಭಾಗವಹಿಸುತ್ತಿದ್ದೇನೆ. ಐದೂವರೆ ಕಿಲೋಮೀಟರಿನ ಸುತ್ತು, ಒಟ್ಟು ನಾಲ್ಕು ಸುತ್ತುಗಳು. ಪ್ರತಿ ಸುತ್ತಿನಲ್ಲಿ ಸುಮಾರು 150 ಮೀಟರ್ ಏರು ಇದೆ. ನನ್ನ ವೇಗಕ್ಕೆ 85 ನಿಮಿಷ ಬೇಕಾಗಬಹುದು. ಆರಂಭದ ಗೆರೆಯ ಪಕ್ಕದಲ್ಲಿ ನೀರು ಮತ್ತು ರಿಪೇರಿಗೆ ಒಂದು ಜಾಗ ಗೊತ್ತುಮಾಡಿದ್ದಾರೆ; ಅಲ್ಲಿ ನನ್ನ ತಮ್ಮ ನಿಲ್ಲುತ್ತಾನೆ. ಎರಡು ಲೀಟರ್ ನೀರಿನ ಬೆನ್ನುಚೀಲ, ಎರಡು ಟ್ಯೂಬು, ಪಂಪು, ಮಲ್ಟಿಟೂಲ್, ನಾಲ್ಕು ಜೆಲ್ (ಸಕ್ಕರೆ ಅಂಶದ ಅಂಟುದ್ರವದ ಪೊಟ್ಟಣ) ಮತ್ತು ಫೋನು ಒಯ್ಯಬೇಕೆಂದಿದ್ದೆ. ನನ್ನ ಜೊತೆ ಸೈಕಲ್ ಹೊಡೆಯುವ ಹಿರಿಯರೊಬ್ಬರು "ಒಂದೂವರೆ ತಾಸಿನ ರೇಸಿಗೆ ಒಂದು ಬಾಟಲಿ ಸಾಕು, ಉಳಿದದ್ದೆಲ್ಲ ಮನೆಯಲ್ಲಿಡು" ಎನ್ನುತ್ತಾರೆ. ಯಾವುದು ಸರಿ? ನನ್ನ ತೂಕ 68 ಕಿಲೋ. ಬೈಕು 29 ಇಂಚಿನ ಹಾರ್ಡ್‌ಟೇಲ್ (ಹಿಂಬದಿ ಸಸ್ಪೆನ್ಷನ್ ಇಲ್ಲದ್ದು), ಟ್ಯೂಬ್‌ಲೆಸ್ ಟೈರು, 12 ಸ್ಪೀಡ್. (ಧಾರವಾಡದ ಓದುಗರೊಬ್ಬರು)

ಉತ್ತರ: ನಿಮ್ಮ ಪಟ್ಟಿ ಇಡೀ ದಿನ ಕಾಡು ಸುತ್ತುವವರ ಪಟ್ಟಿ, ನಿಮ್ಮ ಹಿರಿಯರದು ಪಿಟ್‌ನಲ್ಲಿ (ನೀರು-ರಿಪೇರಿಗೆ ಗೊತ್ತುಮಾಡಿದ ಜಾಗದಲ್ಲಿ) ಮೆಕ್ಯಾನಿಕ್ ಕಾಯುತ್ತಿರುವವರ ಪಟ್ಟಿ. ನಿಮ್ಮ ರೇಸು ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅಭಿಪ್ರಾಯದಿಂದಲ್ಲ, ಲೆಕ್ಕದಿಂದಲೇ ತೀರ್ಮಾನಿಸಬಹುದು. ಆ ಲೆಕ್ಕಕ್ಕೆ ಬೇಕಾಗುವ ಅಂಕಿಗಳಲ್ಲಿ ಬಹುಪಾಲನ್ನು ನೀವೇ ಪ್ರಶ್ನೆಯಲ್ಲಿ ಕೊಟ್ಟಿದ್ದೀರಿ.

ಮೊದಲು ತೂಕದ ಬೆಲೆಯನ್ನು ನೋಡೋಣ. ನಾಲ್ಕು ಸುತ್ತಿಗೆ ನೀವು ಒಟ್ಟು 600 ಮೀಟರ್ ಏರುತ್ತೀರಿ. ಒಂದು ಕಿಲೋ ಹೆಚ್ಚುವರಿ ತೂಕವನ್ನು 600 ಮೀಟರ್ ಎತ್ತಲು ಸುಮಾರು 5,900 ಜೂಲ್ ಶಕ್ತಿ ಬೇಕು. ಏರಿನಲ್ಲಿ ನಿಮ್ಮ ಕಾಲು ಸರಾಸರಿ 200 ವ್ಯಾಟ್ ಕೊಡುತ್ತದೆ ಎಂದಿಟ್ಟುಕೊಂಡರೆ, ಆ ಒಂದು ಕಿಲೋ ಇಡೀ ರೇಸಿನಲ್ಲಿ ನಿಮ್ಮಿಂದ ಹೆಚ್ಚುಕಡಿಮೆ 30 ಸೆಕೆಂಡು ಕೀಳುತ್ತದೆ. ಅಂದರೆ ನೂರು ಗ್ರಾಮಿಗೆ ಮೂರು ಸೆಕೆಂಡು. ಇಳಿಜಾರಿನಲ್ಲಿ ಅದರಲ್ಲೊಂದಿಷ್ಟು ಮರಳಿ ಬರಬೇಕಲ್ಲವೇ ಎಂದು ಕೇಳಬಹುದು, ಆದರೆ ತಿರುವುಗಳೂ ಕಲ್ಲುಗಳೂ ಇರುವ ಇಳಿಜಾರಿನಲ್ಲಿ ಹಾಗೆ ಗಳಿಸಿದ ವೇಗವನ್ನು ಬ್ರೇಕು ನುಂಗಿಬಿಡುತ್ತದೆ. ನಿಮ್ಮ ಪಟ್ಟಿಯಲ್ಲಿ ನೀರು ತುಂಬಿದ ಬೆನ್ನುಚೀಲವೇ ಎರಡೂವರೆ ಕಿಲೋ ದಾಟುತ್ತದೆ. ತಲಾ 200 ಗ್ರಾಮಿನ ಎರಡು ಟ್ಯೂಬು, ತಲಾ ನೂರೈವತ್ತರ ಆಸುಪಾಸಿನ ಪಂಪು ಮತ್ತು ಮಲ್ಟಿಟೂಲ್, ಜೊತೆಗೆ ಜೆಲ್ಲು, ಫೋನು ಸೇರಿದರೆ ಒಟ್ಟು ಮೂರೂವರೆ ಕಿಲೋ ಮೀರುತ್ತದೆ. ಕುಡಿದಂತೆ ನೀರು ಹಗುರಾಗುವುದನ್ನು ಕಳೆದರೂ ಒಂದೂಕಾಲು ನಿಮಿಷಕ್ಕಿಂತ ಕಡಿಮೆ ನಷ್ಟವಾಗದು. ನಿಮ್ಮ ಹಿರಿಯರ ಆಕ್ಷೇಪ ಅಷ್ಟರಮಟ್ಟಿಗೆ ನ್ಯಾಯವಾದದ್ದು.

ಈಗ ಅದೇ ತಕ್ಕಡಿಯ ಇನ್ನೊಂದು ತಟ್ಟೆ. ಟೈರು ಹೋದಾಗ ಕೈಯಲ್ಲಿ ಏನೂ ಇಲ್ಲದಿದ್ದರೆ ಬೈಕನ್ನು ತಳ್ಳಿಕೊಂಡು ನಿಮ್ಮ ತಮ್ಮ ನಿಂತಿರುವಲ್ಲಿಗೆ ಹೋಗಬೇಕು. ಅನಾಹುತ ಎಲ್ಲಿ ಬೇಕಾದರೂ ಆಗಬಹುದಾದ್ದರಿಂದ ಈ ನಡಿಗೆಯ ಸರಾಸರಿ ದೂರ ಅರ್ಧ ಸುತ್ತು, ಎಂದರೆ ಎರಡೂಮುಕ್ಕಾಲು ಕಿಲೋಮೀಟರ್. ಏರಿಳಿತದ ದಾರಿಯಲ್ಲಿ ಗಾಳಿಯಿಲ್ಲದ ಬೈಕನ್ನು ತಳ್ಳುತ್ತ, ಅಲ್ಲಲ್ಲಿ ಓಡುತ್ತ ಇಷ್ಟು ದೂರ ಸಾಗಲು 25ರಿಂದ 30 ನಿಮಿಷ ಬೇಕು. ಪಿಟ್ ದಾಟಿದ ಕೂಡಲೇ ಪಂಕ್ಚರ್ ಆದರೆ ಐದೂವರೆ ಕಿಲೋಮೀಟರೂ ನಡೆಯಬೇಕಾಗುತ್ತದೆ, ಏಕೆಂದರೆ ರೇಸಿನ ದಾರಿಯಲ್ಲಿ ಎದುರು ದಿಕ್ಕಿಗೆ ಹೋಗುವುದು ಹಿಂದಿನಿಂದ ಬರುವವರಿಗೆ ಅಪಾಯಕರ. ಅರ್ಧ ಕಿಲೋ ತೂಗುವ ರಿಪೇರಿ ಸಾಮಾನನ್ನು ಹೊರುವ ಬೆಲೆ 15 ಸೆಕೆಂಡು. ಅದು ಇಲ್ಲದಿದ್ದರೆ ಆಗುವ ನಷ್ಟ 25 ನಿಮಿಷ, ಎಂದರೆ 1,500 ಸೆಕೆಂಡು. ನೂರು ರೇಸಿನಲ್ಲಿ ಒಂದು ಸಲ ಮಾತ್ರ ಅದು ನೆರವಿಗೆ ಬಂದರೂ ಹೊತ್ತದ್ದಕ್ಕೆ ಸರಿಹೋಯಿತು. ನಮ್ಮ ಬಯಲುಸೀಮೆಯ ಮುಳ್ಳು ಮತ್ತು ಗರಸಿನ ನೆಲದಲ್ಲಿ ನೂರಕ್ಕೆ ಒಂದೇ ಪಂಕ್ಚರ್ ಎಂದು ಯಾರಾದರೂ ಹೇಳಿದರೆ ನಾನಂತೂ ನಂಬಲಾರೆ.

ನಡೆದುಕೊಂಡು ಹೋದವರ ರೇಸು ಅಲ್ಲಿಗೇ ಮುಗಿಯುವ ಸಾಧ್ಯತೆಯೂ ಇದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ನಿಯಮದಂತೆ ನಡೆಯುವ ಕ್ರಾಸ್ ಕಂಟ್ರಿ ರೇಸುಗಳಲ್ಲಿ, ಮುಂಚೂಣಿಯಲ್ಲಿರುವವರು ಮೊದಲ ಸುತ್ತಿಗೆ ತೆಗೆದುಕೊಂಡ ಸಮಯದ ಶೇಕಡಾ 80ರಷ್ಟು ಹಿಂದೆ ಬಿದ್ದವರನ್ನು ದಾರಿಯಿಂದ ಹೊರಗೆ ಕರೆಯುತ್ತಾರೆ. ಮುಂದಿರುವವರ ಸುತ್ತು 17 ನಿಮಿಷದ್ದಾದರೆ ಈ ಮಿತಿ ಹದಿಮೂರೂವರೆ ನಿಮಿಷ. ಅರ್ಧ ಸುತ್ತು ನಡೆಯುವಷ್ಟರಲ್ಲಿ ಅದು ಮುಗಿದುಹೋಗಿರುತ್ತದೆ. ಸ್ಥಳೀಯ ಸ್ಪರ್ಧೆಗಳಲ್ಲಿ ಈ ನಿಯಮವನ್ನು ಕೆಲವೊಮ್ಮೆ ಸಡಿಲಿಸುವುದುಂಟು. ನೋಂದಣಿಯ ಹೊತ್ತಿನಲ್ಲೇ ಕೇಳಿಕೊಳ್ಳಿ.

ಅದೇ ಹೊತ್ತಿನಲ್ಲಿ ಇನ್ನೊಂದು ಸಂಗತಿಯನ್ನೂ ಕೇಳಿಕೊಳ್ಳಬೇಕು. ಒಂದು ಕಾಲದಲ್ಲಿ ಕ್ರಾಸ್ ಕಂಟ್ರಿ ರೇಸಿನಲ್ಲಿ ಹೊರಗಿನ ನೆರವೇ ನಿಷಿದ್ಧವಾಗಿತ್ತು; ಏನು ಕೆಟ್ಟರೂ ಸವಾರರೇ ತಮ್ಮಲ್ಲಿದ್ದ ಸಾಮಾನಿನಿಂದ ಸರಿಮಾಡಿಕೊಳ್ಳಬೇಕಿತ್ತು. ಈಗ ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ ನೀರು, ಚಕ್ರ, ಬಿಡಿಭಾಗಗಳನ್ನು ಪಡೆಯಬಹುದು, ಆದರೆ ಬೈಕನ್ನೇ ಬದಲಿಸುವಂತಿಲ್ಲ. ಉಳಿದ ದಾರಿಯಲ್ಲಿ ನಿಮ್ಮ ರಿಪೇರಿ ನಿಮ್ಮದೇ. ನಿಮ್ಮ ತಮ್ಮ ಉತ್ಸಾಹದಿಂದ ಪಂಪು ಹಿಡಿದುಕೊಂಡು ಗುಡ್ಡದ ಮೇಲಕ್ಕೆ ಓಡಿಬಂದರೆ ನಿಮ್ಮನ್ನು ಅನರ್ಹಗೊಳಿಸಬಹುದು ಎಂಬುದನ್ನು ಅವನಿಗೆ ಮೊದಲೇ ತಿಳಿಸಿಡಿ.

ದೊಡ್ಡ ಸವಾರರು ಬರಿಗೈಯಲ್ಲಿ ಓಡುತ್ತಾರೆ ಎಂಬ ವಾದವನ್ನು ನಿಮ್ಮ ಹಿರಿಯರು ಮುಂದಿಟ್ಟರೆ, ಅದು ಯಾವ ಏರ್ಪಾಡಿನ ಮೇಲೆ ನಿಂತಿದೆ ಎಂದು ನೋಡಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರ ರೇಸು ಎಲಾಂಕೂರ್ ಗುಡ್ಡದಲ್ಲಿ 4.4 ಕಿಲೋಮೀಟರಿನ ಎಂಟು ಸುತ್ತುಗಳಲ್ಲಿ ನಡೆಯಿತು. ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಅವರ ಮುಂಚಕ್ರ ನಾಲ್ಕನೆಯ ಸುತ್ತಿನಲ್ಲಿ ಪಂಕ್ಚರ್ ಆಯಿತು. ಅವರು ಪಿಟ್ ತಲುಪಿ, ಚಕ್ರ ಬದಲಿಸಿಕೊಂಡು, ಮುಂದಿದ್ದವರಿಗಿಂತ ಅರ್ಧ ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದು, ಆಮೇಲೂ ಚಿನ್ನ ಗೆದ್ದರು. ಸುತ್ತು ಚಿಕ್ಕದಾಗಿತ್ತು, ಪಿಟ್‌ನಲ್ಲಿ ಸಿದ್ಧ ಚಕ್ರವಿತ್ತು, ಅದನ್ನು ಹಾಕಿಕೊಡುವ ಕೈಗಳಿದ್ದವು. ಅದೇ ಗುಡ್ಡದಲ್ಲಿ ಮಹಿಳೆಯರ ರೇಸಿನಲ್ಲಿ ಎರಡನೆಯ ಸ್ಥಾನದಲ್ಲಿದ್ದ ನೆದರ್ಲೆಂಡ್ಸಿನ ಪುಕ್ ಪೀಟರ್ಸೆ ಅವರ ಟೈರೂ ಹೋಯಿತು. ಅವರಿಗೂ ಪಿಟ್ ಇತ್ತು, ಆದರೂ ಪದಕ ಕೈತಪ್ಪಿ ನಾಲ್ಕನೆಯವರಾದರು. ನಿಮ್ಮ ತಮ್ಮನ ಬಳಿ ನಿಮ್ಮ ಬೈಕಿಗೆ ಸರಿಹೊಂದುವ ಮುಂಚಕ್ರ, ಹಿಂಚಕ್ರಗಳೆರಡೂ ಇವೆಯೇ? ಇಲ್ಲವಾದರೆ ಅವರ ಬರಿಗೈಯನ್ನು ನಾವು ಅನುಕರಿಸಿ ಪ್ರಯೋಜನವಿಲ್ಲ. ಸುಮಾರು 20 ನಿಮಿಷದಲ್ಲಿ ಮುಗಿಯುವ ಶಾರ್ಟ್ ಟ್ರ್ಯಾಕ್ ರೇಸಿನ ಮಾತು ಬೇರೆ. ಅಲ್ಲಿ ಏನೇ ರಿಪೇರಿಗೆ ನಿಂತರೂ ರೇಸು ಕೈಬಿಟ್ಟ ಹಾಗೆಯೇ, ಆದ್ದರಿಂದ ಏನನ್ನೂ ಒಯ್ಯಬೇಕಾಗಿಲ್ಲ.

ರಿಪೇರಿ ಸಾಮಾನಿನ ಆಯ್ಕೆಗೆ ಮುಂಚೆ ಒಂದು ಸಲ ದಾರಿಯನ್ನು ನಡೆದೇ ನೋಡಿ. ನಾನು ಹೊಸ ಜಾಗದಲ್ಲಿ ರೇಸಿಗೆ ಹೋದಾಗ ಮೊದಲು ಗಮನಿಸುವುದು ಟೈರನ್ನು ಹರಿಯುವಂತಹ ಕಲ್ಲಿನ ಭಾಗ ಪಿಟ್‌ಗಿಂತ ಮುಂಚೆ ಇದೆಯೋ ನಂತರ ಇದೆಯೋ ಎಂಬುದನ್ನು. ಚೂಪು ಕಲ್ಲುಗಳ ಇಳಿಜಾರು ಮುಗಿದು ಅರ್ಧ ಕಿಲೋಮೀಟರಿನಲ್ಲಿ ಪಿಟ್ ಸಿಗುತ್ತದೆಂದಾದರೆ ಟ್ಯೂಬನ್ನು ತಮ್ಮನ ಬಳಿಯೇ ಬಿಡಬಹುದು. ಓಡಿಕೊಂಡು ಹೋದರೂ ನಾಲ್ಕೈದು ನಿಮಿಷ. ಪಿಟ್ ದಾಟಿ ಗುಡ್ಡ ಏರಿದ ಮೇಲೆ ಆ ಕಲ್ಲುಗಳು ಬರುತ್ತವೆಂದಾದರೆ ಟ್ಯೂಬು ಬೈಕಿನ ಮೇಲೆಯೇ ಇರಬೇಕು. ಒಂದೇ ಉದ್ದದ, ಒಂದೇ ಏರಿನ ಎರಡು ರೇಸುಗಳಿಗೆ ಬೇರೆ ಬೇರೆ ಸಾಮಾನು ಬೇಕಾಗುವುದು ಹೀಗೆ.

ಈಗ ಟೈರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಕಿರು ರೇಸುಗಳಲ್ಲಿ ಸವಾರರನ್ನು ದಾರಿಬದಿಗೆ ನಿಲ್ಲಿಸುವ ತೊಂದರೆಗಳಲ್ಲಿ ಬಹುಪಾಲು ಟೈರಿನದೇ. ನಿಮ್ಮಲ್ಲಿ ಟ್ಯೂಬ್‌ಲೆಸ್ ಇರುವುದು ಒಳ್ಳೆಯದು. ಅದರೊಳಗಿನ, ತೂತು ಮುಚ್ಚುವ ಸೀಲಂಟ್ ದ್ರವ ನಮ್ಮ ಬಿಸಿಲಿಗೆ ಎರಡು-ಮೂರು ತಿಂಗಳಲ್ಲಿ ಒಣಗಿ ರಬ್ಬರಿನ ಸಿಪ್ಪೆಯಾಗಿಬಿಡುತ್ತದೆ. ಚಕ್ರವನ್ನು ಬಿಚ್ಚಿ ಕಿವಿಯ ಬಳಿ ಅಲುಗಾಡಿಸಿ. ತೆಂಗಿನಕಾಯಿಯನ್ನು ಅಲುಗಾಡಿಸಿದಾಗ ಬರುವಂತಹ ಕುಲುಕಿನ ಸದ್ದು ಕೇಳಬೇಕು. ಕೇಳದಿದ್ದರೆ ರೇಸಿಗೆ ಒಂದು ವಾರ ಮುಂಚೆ ಪ್ರತಿ ಟೈರಿಗೆ 100 ಮಿಲಿಲೀಟರಿನಷ್ಟು ಹೊಸ ಸೀಲಂಟ್ ಹಾಕಿ. ಹಿಂದಿನ ದಿನ ಹಾಕಿದರೆ ಅಂಚಿನ ಸೋರಿಕೆಗಳು ನಿಲ್ಲಲು ಸಮಯ ಸಿಗುವುದಿಲ್ಲ. ಬೈಕಿನ ಮೇಲೆ ಬೇರೆ ಯಾವ ತೂಕವನ್ನು ಕಡಿಮೆ ಮಾಡಿದರೂ ಈ ನೂರು ಗ್ರಾಮಿನಲ್ಲಿ ಜಿಪುಣತನ ಬೇಡ. ಹಾಗೆಯೇ ಹಿಂದಿನ ಟೈರು ತೆಳುಗೋಡೆಯದಾಗಿದ್ದರೆ, ನೂರೈವತ್ತು ಗ್ರಾಂ ಹೆಚ್ಚಾದರೂ ದಪ್ಪ ಗೋಡೆಯ ಟೈರು ಹಾಕಿಸಿಕೊಳ್ಳುವುದು ಲೇಸು. ಅಷ್ಟೇ ತೂಕದ ಟ್ಯೂಬನ್ನು ಸೀಟಿನ ಕೆಳಗೆ ಕಟ್ಟಿಕೊಂಡರೆ ಅದು ಟೈರು ಹರಿದ ಮೇಲಷ್ಟೇ ಉಪಯೋಗಕ್ಕೆ ಬರುತ್ತದೆ. ದಪ್ಪ ಗೋಡೆ ಹರಿಯುವುದನ್ನೇ ತಪ್ಪಿಸಬಹುದು.

ಬಳ್ಳಾರಿ ಜಾಲಿಯ ಮುಳ್ಳು ಅಥವಾ ನೆಗ್ಗಿಲು ಮುಳ್ಳು ಟೈರಿಗೆ ಚುಚ್ಚಿಕೊಂಡಿರುವುದು ಕಣ್ಣಿಗೆ ಬಿದ್ದರೆ ಅದನ್ನು ಕೀಳಬೇಡಿ. ಕೈ ತಾನಾಗಿ ಅದರತ್ತ ಹೋಗುತ್ತದೆ, ಆದರೆ ತಾನು ಮಾಡಿದ ತೂತಿಗೆ ಆ ಮುಳ್ಳೇ ಬಿರಡೆ. ಅದು ರೇಸು ಮುಗಿಯುವವರೆಗೆ ಅಲ್ಲೇ ಇರಲಿ. ಸೀಲಂಟ್ ಚಿಮ್ಮುತ್ತ ಗಾಳಿ ಹೋಗುತ್ತಿದ್ದರೆ ನಿಂತು, ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ, ಹತ್ತು-ಹದಿನೈದು ಸೆಕೆಂಡು ಕಾಯಿರಿ. ಸಣ್ಣ ತೂತು ಅಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ, ಉಳಿದ ಗಾಳಿಯಲ್ಲೇ ಪಿಟ್‌ವರೆಗೆ ಸಾಗಬಹುದು. ಮುಚ್ಚಿಕೊಳ್ಳದಿದ್ದರೆ ಪ್ಲಗ್ ಬೇಕು: ಅಂಟುಗುಣದ ರಬ್ಬರ್ ಪಟ್ಟಿಯನ್ನು ಸೂಜಿಯಂತಹ ಹಿಡಿಯಿಂದ ತೂತಿನೊಳಗೆ ತುರುಕುವ ಸಾಧನ. ಟ್ಯೂಬ್‌ಲೆಸ್ ಬೈಕು-ಕಾರುಗಳ ಪಂಕ್ಚರ್ ಹಾಕುವವರ ಬಳಿ ನೀವು ನೋಡಿರುವುದರ ಕಿರಿಯ ರೂಪವೇ ಇದು. ತೂಕ 30 ಗ್ರಾಂ, ಎಂದರೆ ಒಂದು ಸೆಕೆಂಡು. ರಬ್ಬರ್ ಪಟ್ಟಿಯನ್ನು ಮುಂಚೆಯೇ ಸೂಜಿಗೆ ಪೋಣಿಸಿಟ್ಟಿರಬೇಕು. ಏದುಸಿರು ಬಿಡುತ್ತ, ನಡುಗುವ ಬೆರಳುಗಳಲ್ಲಿ ಅದನ್ನು ಪೋಣಿಸುವುದು ಎಷ್ಟು ಕಷ್ಟವೆಂಬುದು ಮಾಡಿದವರಿಗಷ್ಟೇ ಗೊತ್ತು. ಅಭ್ಯಾಸವಿದ್ದವರಿಗೆ ಪ್ಲಗ್ ಹಾಕಿ ಗಾಳಿ ತುಂಬಲು ಒಂದು-ಒಂದೂವರೆ ನಿಮಿಷ ಸಾಕು. ನನ್ನ ಮಟ್ಟಿಗೆ ಟ್ಯೂಬ್‌ಲೆಸ್ ಬೈಕಿನಲ್ಲಿ ಶಾರ್ಟ್ ಟ್ರ್ಯಾಕ್ ಒಂದನ್ನು ಬಿಟ್ಟು ಯಾವ ರೇಸಿಗಾದರೂ ಬಿಡಬಾರದ ವಸ್ತು ಇದೊಂದೇ.

ಗಾಳಿ ತುಂಬುವುದಕ್ಕೆ ಪಂಪೋ ಕಾರ್ಬನ್ ಡೈಆಕ್ಸೈಡ್ ಸಿಲಿಂಡರೋ ಎಂಬುದು ಮುಂದಿನ ಪ್ರಶ್ನೆ. ಚಿಕ್ಕ ಪಂಪಿನಲ್ಲಿ 29 ಇಂಚಿನ ದಪ್ಪ ಟೈರನ್ನು ಸವಾರಿಗೆ ತಕ್ಕ ಒತ್ತಡಕ್ಕೆ ತರಲು ನೂರೈವತ್ತು-ಇನ್ನೂರು ಸಲ ಒತ್ತಬೇಕು; ಮೂರು-ನಾಲ್ಕು ನಿಮಿಷ ಹೋಗುತ್ತದೆ, ತೋಳೂ ಸೋಲುತ್ತದೆ. ಬೆರಳುದ್ದದ 16 ಗ್ರಾಮಿನ ಅನಿಲ ಸಿಲಿಂಡರು, ಉಕ್ಕಿನ ಕವಚ ಸೇರಿ ಅರುವತ್ತು ಗ್ರಾಮಿನ ಆಸುಪಾಸು ತೂಗುತ್ತದೆ, ಮತ್ತು 29 ಇಂಚು, 2.25 ಅಗಲದ ಟೈರನ್ನು ಕೆಲವೇ ಸೆಕೆಂಡಿನಲ್ಲಿ 25 ಪಿಎಸ್‌ಐ ಒತ್ತಡದ ಹತ್ತಿರಕ್ಕೆ ತರುತ್ತದೆ. 68 ಕಿಲೋದವರಿಗೆ ಅಷ್ಟು ಸಾಕು. ಆದರೆ ಸಿಲಿಂಡರು ಎರಡನೆಯ ಅವಕಾಶ ಕೊಡುವುದಿಲ್ಲ: ಬಾಯಿ ಸರಿಯಾಗಿ ಕೂರದೆ ಅನಿಲ ಹೊರಗೆ ಹೋಯಿತೆಂದರೆ ಹೋಯಿತು. ಬಿಡುಗಡೆಯಾಗುವಾಗ ಅದು ಚರ್ಮ ಅಂಟುವಷ್ಟು ತಣ್ಣಗಾಗುವುದರಿಂದ ಕೈಗವಸು ಹಾಕಿಕೊಂಡೇ ಹಿಡಿಯಬೇಕು. ಅನಿಲದ ಆ ಚಳಿಗೆ ಕೆಲವು ಸೀಲಂಟ್‌ಗಳು ಹೆಪ್ಪುಗಟ್ಟುವುದೂ ಉಂಟು, ಆದ್ದರಿಂದ ತುಂಬುವಾಗ ವಾಲ್ವ್ ಮೇಲ್ಭಾಗದಲ್ಲಿರಲಿ. ದ್ರವ ಕೆಳಗೆ ನಿಂತಿರುತ್ತದೆ. ರೇಸು ಮುಗಿದ ಮೇಲೆ ಆ ಅನಿಲವನ್ನು ಬಿಟ್ಟು ಸಾಮಾನ್ಯ ಗಾಳಿ ತುಂಬಿಸಿ. ಪಂಪನ್ನು ತಮ್ಮನ ಕೈಗೆ ಕೊಡಿ, ಸಿಲಿಂಡರನ್ನು ನೀವು ಇಟ್ಟುಕೊಳ್ಳಿ. ಅದಕ್ಕೂ ಮುಂಚೆ ಒಂದು ಸಿಲಿಂಡರನ್ನು ಮನೆಯಂಗಳದಲ್ಲಿ ಖರ್ಚು ಮಾಡಿ ಕಲಿಯಬೇಕು. ಆ ನೂರಾರು ರೂಪಾಯಿ ದಂಡವೆನ್ನಿಸಬಹುದು, ಆದರೆ ಮೊದಲ ಸಲ ತಪ್ಪಾಗುವುದು ಬಹುತೇಕ ಖಚಿತ, ಅದು ಅಂಗಳದಲ್ಲೇ ಆಗಲಿ.

ಟ್ಯೂಬಿನ ಬಗ್ಗೆ ನನ್ನದು ಸ್ವಲ್ಪ ಹಳೆಯ ಕಾಲದವರ ನಿಲುವು. ಟೈರಿನ ಗೋಡೆ ಬೆರಳಗಲ ಸೀಳಿದರೆ ಪ್ಲಗ್ ನಿಲ್ಲುವುದಿಲ್ಲ, ಟ್ಯೂಬೇ ಗತಿ. ಟ್ಯೂಬು ಹಾಕಲು ಐದರಿಂದ ಎಂಟು ನಿಮಿಷ ಬೇಕಾಗುವುದರಿಂದ, ಮೊದಲ ಹತ್ತರೊಳಗೆ ಬರಬೇಕೆಂದು ಓಡುವವರಿಗೆ ಆ ಹೊತ್ತಿಗೆ ರೇಸು ಮುಗಿದಂತೆಯೇ. ಅವರು ಟ್ಯೂಬನ್ನು ಪಿಟ್‌ನಲ್ಲಿ ಬಿಡುವುದರಲ್ಲಿ ತರ್ಕವಿದೆ. ನಿಮಗೆ ಇದು ಮೊದಲ ರೇಸು. ನಾಲ್ಕೂ ಸುತ್ತು ಮುಗಿಸಿ ಗೆರೆ ದಾಟುವುದು ನಿಮ್ಮ ಗುರಿಯಾಗಿರುವುದರಿಂದ ಎಂಟು ನಿಮಿಷ ಕೊಟ್ಟಾದರೂ ಮುಂದುವರಿಯುವುದು ಮೇಲು. ಒಂದು ಟ್ಯೂಬು ಇರಲಿ, ಎರಡು ಬೇಡ. ಮಾಮೂಲಿ ಬ್ಯುಟೈಲ್ ಟ್ಯೂಬು 200 ಗ್ರಾಂ ತೂಗಿದರೆ, ಟಿಪಿಯು ಎಂಬ ತೆಳು ಪ್ಲಾಸ್ಟಿಕ್ಕಿನದು 60ರಿಂದ 90 ಗ್ರಾಂ ತೂಗುತ್ತದೆ, ಮಡಿಸಿದರೆ ಅಂಗೈಯೊಳಗೆ ಅಡಗುತ್ತದೆ. ಬೆಲೆ ಜಾಸ್ತಿ, ಆದರೆ ರೇಸಿಗೆಂದು ಎತ್ತಿಡುವ ಒಂದೇ ಟ್ಯೂಬಿಗೆ ಅದನ್ನು ಕೊಡಬಹುದು. ಯಾವುದೇ ಟ್ಯೂಬಾದರೂ ಒಳಗೆ ಹಾಕುವ ಮುಂಚೆ ಟೈರಿನೊಳಗೆ ಬೆರಳಾಡಿಸಿ ಹಳೆಯ ಮುಳ್ಳುಗಳನ್ನು ತೆಗೆಯಬೇಕು. ತಿಂಗಳುಗಟ್ಟಲೆ ಓಡಿದ ಟ್ಯೂಬ್‌ಲೆಸ್ ಟೈರಿನೊಳಗೆ ನಿಮಗೆ ಗೊತ್ತಿಲ್ಲದಂತೆ ಹತ್ತಾರು ಮುಳ್ಳುಗಳಿರುತ್ತವೆ. ಮುಳ್ಳಿದ್ದಲ್ಲೇ ಬಿಡಿ ಎಂದು ಮೇಲೆ ಹೇಳಿದ ಮಾತು ಟ್ಯೂಬು ಹಾಕದಿರುವವರೆಗೆ ಮಾತ್ರ ಅನ್ವಯಿಸುತ್ತದೆ.

ಟ್ಯೂಬನ್ನು ಕಟ್ಟುವ ಬಗೆಯೂ ಮುಖ್ಯ. ಕೆಲವು ವರ್ಷಗಳ ಹಿಂದೆ ನಾನು ಸೀಟಿನ ಕೆಳಗೆ ಪಟ್ಟಿಯಿಂದ ಬಿಗಿದಿಟ್ಟಿದ್ದ ಟ್ಯೂಬನ್ನು ಒಂದು ರೇಸಿನಲ್ಲಿ ಬಿಚ್ಚಿ ಹಾಕಿ, ಇದ್ದ ಒಂದೇ ಸಿಲಿಂಡರನ್ನು ಖಾಲಿ ಮಾಡಿದೆ, ಗಾಳಿ ನಿಲ್ಲಲಿಲ್ಲ. ಪಟ್ಟಿಗೂ ಟ್ಯೂಬಿಗೂ ನಡುವೆ ಸೇರಿಕೊಂಡ ಮಣ್ಣು ಆರು ತಿಂಗಳ ಕುಲುಕಾಟದಲ್ಲಿ ಮರಳು ಕಾಗದದಂತೆ ತಿಕ್ಕಿ, ಹೊಸ ಟ್ಯೂಬಿಗೆ ಮೂರು ತೂತು ಮಾಡಿತ್ತು. ಅಂದಿನಿಂದ ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟಿನೊಳಗೆ ಟ್ಯೂಬನ್ನು ಸುತ್ತಿ, ಮೇಲೆ ಇನ್ಸುಲೇಷನ್ ಟೇಪು ಹಾಕಿಯೇ ಕಟ್ಟುತ್ತೇನೆ. ಟೇಪಿನ ತುದಿಯನ್ನು ಮಡಿಸಿ ಕಿವಿಯಂತೆ ಬಿಡಿ, ಕೈಗವಸಿನ ಬೆರಳಿಗೂ ಸಿಗುತ್ತದೆ. ಸಿಲಿಂಡರು, ಅದನ್ನು ವಾಲ್ವಿಗೆ ಸೇರಿಸುವ ತಲೆ, ಟೈರನ್ನು ರಿಮ್ಮಿನಿಂದ ಎಬ್ಬಿಸುವ ಒಂದು ಲಿವರು ಇವೆಲ್ಲವನ್ನೂ ಇದೇ ರೀತಿ ಒಂದೇ ಪೊಟ್ಟಣವಾಗಿ ಸೀಟಿನ ಕೆಳಗೋ ಫ್ರೇಮಿನ ಮೂಲೆಯಲ್ಲೋ ಬಿಗಿಯಬಹುದು. ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ ಇದಕ್ಕೆ ಯಾವ ದುಬಾರಿ ಚೀಲಕ್ಕೂ ಕಡಿಮೆಯಿಲ್ಲ. ಜರ್ಸಿಯ ಬೆನ್ನಿನ ನಡುಜೇಬಿನಲ್ಲಿ ಮಾತ್ರ ಲೋಹದ ವಸ್ತುವನ್ನು ಇಡಬೇಡಿ. ಬೆನ್ನ ಮೇಲೆ ಬಿದ್ದರೆ ಅದು ನೇರವಾಗಿ ಬೆನ್ನುಮೂಳೆಗೆ ಒತ್ತುತ್ತದೆ.

ಮಲ್ಟಿಟೂಲ್ ವಿಷಯದಲ್ಲಿ ನಿಮ್ಮ ಹತ್ತಿರವಿರುವುದಕ್ಕಿಂತ ಚಿಕ್ಕದನ್ನು ಹುಡುಕಿ. ನೂರು ಗ್ರಾಮಿನೊಳಗಿನದು ಸಾಕು, ಆದರೆ ಅದರಲ್ಲಿ ಮೂರು ಕೆಲಸಗಳಾಗಬೇಕು: ನಿಮ್ಮ ಚಕ್ರದ ಆಕ್ಸಲ್ ಬಿಚ್ಚಬೇಕು, ಹ್ಯಾಂಡಲ್ ಮತ್ತು ಸೀಟಿನ ಬೋಲ್ಟು ಬಿಗಿಯಬೇಕು, ಚೈನಿನ ಪಿನ್ನು ಕಳಚಬೇಕು. ಈಗಿನ ಹಲವು ಬೈಕುಗಳ ಆಕ್ಸಲ್‌ಗೆ ಹಿಡಿಯೇ ಇರುವುದಿಲ್ಲ, 6 ಮಿಲಿಮೀಟರಿನ ಅಲೆನ್ ಕೀ ಬೇಕು. ಅದಿಲ್ಲದಿದ್ದರೆ ಟ್ಯೂಬು ಇದ್ದೂ ಚಕ್ರ ಹೊರಗೆ ಬಾರದು. ಕಡಿದ ಚೈನನ್ನು ಮತ್ತೆ ಜೋಡಿಸುವ, 12 ಸ್ಪೀಡಿನ ಚೈನಿಗೇ ಹೊಂದುವ ಒಂದು ಕ್ವಿಕ್ ಲಿಂಕನ್ನು ಟೇಪಿನಿಂದ ಬ್ರೇಕಿನ ಕೇಬಲ್ಲಿಗೆ ಅಂಟಿಸಿಡಿ, ಅದು ತೂಕವೇ ಅಲ್ಲ. 10 ಅಥವಾ 11 ಸ್ಪೀಡಿನ ಲಿಂಕು ಇದಕ್ಕೆ ಕೂರುವುದಿಲ್ಲ. ಚೈನು ಸಾಮಾನ್ಯವಾಗಿ ಕಡಿಯುವುದು ಏರಿನಲ್ಲಿ ಪೂರ್ತಿ ಬಲ ಹಾಕಿ ತುಳಿಯುತ್ತಲೇ ಗೇರು ಬದಲಿಸಿದಾಗ. ಗೇರು ಬದಲಾಗುವ ಅರ್ಧ ಕ್ಷಣ ಕಾಲನ್ನು ಹಗುರ ಮಾಡುವ ಅಭ್ಯಾಸವಿದ್ದರೆ ಲಿಂಕು ಟೇಪಿನೊಳಗೇ ಹಳತಾಗುತ್ತದೆ.

ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಬಿಡಿ ಹ್ಯಾಂಗರು, ಗೇರು ಕೇಬಲ್ಲು, ಬ್ರೇಕ್ ಪ್ಯಾಡುಗಳೆಲ್ಲ ತಮ್ಮನ ಬಳಿಯ ಡಬ್ಬಿಯಲ್ಲಿರಲಿ. ಅವುಗಳನ್ನು ದಾರಿಯಲ್ಲಿ ನಿಂತು ಹಾಕುವವರಿಲ್ಲ.

ಇನ್ನು ನೀರು. ಇಲ್ಲಿ ನಿಮ್ಮ ಅಂದಾಜು ಹೆಚ್ಚು ತಪ್ಪಿದೆ. ಮಾರ್ಚಿನ ಬೆಳಗಿನಲ್ಲಿ ರೇಸಿನ ವೇಗದಲ್ಲಿ ಗಂಟೆಗೆ ಸುಮಾರು 1.2 ಲೀಟರ್ ಬೆವರುತ್ತೀರೆಂದು ಹಿಡಿಯಿರಿ. 85 ನಿಮಿಷಕ್ಕೆ 1.7 ಲೀಟರ್ ಆಯಿತು. ನೀವು ಹೊರಬೇಕೆಂದಿದ್ದ ಎರಡು ಲೀಟರು ನಿಮ್ಮ ಅಷ್ಟೂ ಬೆವರಿಗಿಂತ ಹೆಚ್ಚು! ಬೆವರಿದ್ದನ್ನೆಲ್ಲ ರೇಸಿನಲ್ಲೇ ತುಂಬಿಕೊಳ್ಳುವ ಅಗತ್ಯವೂ ಇಲ್ಲ. ದೇಹತೂಕದ ಶೇಕಡಾ 2ರವರೆಗಿನ ನೀರಿನ ಕೊರತೆಯನ್ನು ಇಷ್ಟು ಹೊತ್ತಿನ ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ತಾಳಿಕೊಳ್ಳಬಹುದೆಂಬುದು ಕ್ರೀಡಾ ಪೋಷಣೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಳತೆಗೋಲು. ನಿಮಗದು 1.3 ಲೀಟರಿಗೂ ತುಸು ಹೆಚ್ಚು. ಹಾಗಾದರೆ ಕನಿಷ್ಠ ಲೆಕ್ಕದಲ್ಲಿ ಅರ್ಧ ಲೀಟರೂ ಬೇಡ. ಬಿಸಿಲು, ಬಾಯಾರಿಕೆ, ಅಂದಾಜಿನ ದೋಷ ಎಲ್ಲ ಸೇರಿಸಿ ಒಂದು ಲೀಟರ್ ಎಂದುಕೊಂಡರೆ ನೆಮ್ಮದಿಯಾಗಿ ಸಾಕು. ಅದನ್ನೂ ಒಟ್ಟಿಗೆ ಹೊರದೆ, ಅರ್ಧ ಲೀಟರಿನ ಬಾಟಲಿಯೊಂದಿಗೆ ಹೊರಟು, ಎರಡನೆಯ ಸುತ್ತಿನ ಕೊನೆಯಲ್ಲಿ ತಮ್ಮನಿಂದ ಇನ್ನೊಂದನ್ನು ಪಡೆಯಿರಿ.

ನನ್ನ 1.2 ಲೀಟರಿನ ಅಂಕಿಯನ್ನು ಹಾಗೆಯೇ ಒಪ್ಪಿಕೊಳ್ಳಬೇಡಿ, ಬೆವರಿನ ಪ್ರಮಾಣ ಒಬ್ಬರಿಂದೊಬ್ಬರಿಗೆ ಬಹಳ ಬೇರೆಯಾಗುತ್ತದೆ. ರೇಸಿನ ಹೊತ್ತಿಗೇ ಒಂದು ದಿನ ಒಂದು ಗಂಟೆ ಜೋರಾಗಿ ಓಡಿಸಿ, ಮುಂಚೆ ಮತ್ತು ನಂತರ ಬರಿಮೈಯಲ್ಲಿ ತೂಕ ನೋಡಿಕೊಳ್ಳಿ. ಇಳಿದ ತೂಕಕ್ಕೆ ನಡುವೆ ಕುಡಿದ ನೀರನ್ನು ಸೇರಿಸಿದರೆ ನಿಮ್ಮದೇ ಅಂಕಿ ಸಿಗುತ್ತದೆ. ಗಂಟೆಗೆ ಎರಡು ಲೀಟರಿನ ಹತ್ತಿರ ಬಂದರೆ ಪ್ರತಿ ಸುತ್ತಿಗೂ ಬಾಟಲಿ ಬದಲಿಸುವ ಏರ್ಪಾಡು ಮಾಡಿಕೊಳ್ಳಿ, ಆಗಲೂ ಬೆನ್ನುಚೀಲ ಬೇಡ.

ಬೆನ್ನುಚೀಲಕ್ಕೂ ಸಲ್ಲುವ ಸಂದರ್ಭವಿದೆ ಎಂಬುದನ್ನು ಹೇಳದಿದ್ದರೆ ತಪ್ಪಾದೀತು. ದಾರಿ ಉದ್ದಕ್ಕೂ ಒರಟಾಗಿದ್ದು ಹ್ಯಾಂಡಲಿನಿಂದ ಕೈ ತೆಗೆಯಲಾಗದಿದ್ದರೆ, ಬಾಟಲಿ ಇದ್ದರೂ ಕುಡಿಯಲಾಗುವುದಿಲ್ಲ; ನಳಿಗೆಯನ್ನು ಹಲ್ಲಲ್ಲಿ ಕಚ್ಚಿ ಹೀರುವ ಅನುಕೂಲ ಆಗ ದೊಡ್ಡದು. ಮೂರು-ನಾಲ್ಕು ಗಂಟೆಯ ಮ್ಯಾರಥಾನ್ ರೇಸುಗಳಲ್ಲಿ ನಾನೂ ಅದನ್ನು ಹಾಕಿಕೊಳ್ಳುತ್ತೇನೆ. ನಿಮ್ಮ ಸುತ್ತಿನಲ್ಲಿ ಆರಂಭದ ಗೆರೆಯ ಬಳಿ ಸಮತಟ್ಟಾದ ದಾರಿ ಇದ್ದೇ ಇರುತ್ತದೆ, ಏರಿನಲ್ಲೂ ಒಂದೆರಡು ನಯವಾದ ಜಾಗಗಳು ಸಿಗುತ್ತವೆ. ದಾರಿ ನೋಡಲು ಹೋದಾಗಲೇ 'ಇಲ್ಲಿ ಎರಡು ಗುಟುಕು' ಎಂದು ಗೊತ್ತುಮಾಡಿಕೊಳ್ಳಿ. ಬೈಕಿನಲ್ಲಿ ಬಾಟಲಿ ಕೂರಿಸುವ ಹೋಲ್ಡರು ಸಡಿಲವಾಗಿದ್ದರೆ ಮೊದಲ ಕಲ್ಲಿನ ಇಳಿಜಾರಿನಲ್ಲೇ ಬಾಟಲಿ ಹಾರಿಹೋಗುತ್ತದೆ, ಅದನ್ನೂ ಹಿಂದಿನ ದಿನ ಬಗ್ಗಿಸಿ ಬಿಗಿ ಮಾಡಿಕೊಳ್ಳಬೇಕು. ದನಕರು ಓಡಾಡುವ ದಾರಿಯ ಧೂಳು ಬಾಟಲಿಯ ಬಾಯಿಗೆ ಮೆತ್ತುವುದರಿಂದ ಮುಚ್ಚಳವಿರುವ ಬಾಟಲಿ ವಾಸಿ.

ಆಹಾರಕ್ಕೆ ನಾಲ್ಕು ಜೆಲ್ ಬೇಡ, ಒಂದು ಸಾಕು. ಇಂತಹ ಅವಧಿಯ ಶ್ರಮಕ್ಕೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಸಾಕೆಂಬುದು ಸಾಮಾನ್ಯ ಸಲಹೆ. ಹಿಂದಿನ ರಾತ್ರಿ ಮತ್ತು ಬೆಳಿಗ್ಗೆ ಚೆನ್ನಾಗಿ ಉಂಡಿದ್ದರೆ ಸ್ನಾಯುಗಳಲ್ಲಿ ಸಂಗ್ರಹವಾದದ್ದೇ ಬಹುಪಾಲು ದಾರಿ ಸಾಗಿಸುತ್ತದೆ. ಅರ್ಧ ಲೀಟರ್ ನೀರಿಗೆ 30 ಗ್ರಾಂ ಸಕ್ಕರೆ, ಎರಡು ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣು ಹಿಂಡಿದರೆ ನಿಮ್ಮ ಮೊದಲ ಬಾಟಲಿ ಸಿದ್ಧ; ಎರಡನೆಯದರಲ್ಲಿ ಬರೀ ನೀರಿರಲಿ, ಬೇಕೆನಿಸಿದರೆ ತಲೆಯ ಮೇಲೂ ಸುರಿದುಕೊಳ್ಳಬಹುದು. ಎರಡನೆಯ ಸುತ್ತಿನ ಏರಿಗೆ ಮುಂಚೆ ತೆಗೆದುಕೊಳ್ಳಲು ಆ ಒಂದು ಜೆಲ್ಲನ್ನು ಚಡ್ಡಿಯ ತೊಡೆಪಟ್ಟಿಯೊಳಗೆ ಸಿಕ್ಕಿಸಿಕೊಳ್ಳಿ. ಅದರ ಕವರನ್ನು ದಾರಿಯಲ್ಲಿ ಎಸೆದರೆ ದಂಡನೆಯಾಗಬಹುದು, ಆಗದಿದ್ದರೂ ಎಸೆಯಬಾರದು. ಅಭ್ಯಾಸದಲ್ಲಿ ಒಮ್ಮೆಯೂ ತಿನ್ನದ ಜೆಲ್ಲನ್ನು ರೇಸಿನ ದಿನ ಮೊದಲ ಸಲ ತಿನ್ನುವುದು ಹೊಟ್ಟೆಯೊಂದಿಗೆ ಆಡುವ ಜೂಜು.

ಫೋನನ್ನು ತಮ್ಮನಿಗೆ ಕೊಡಿ, ಆದರೆ ಒಂದು ಷರತ್ತು: ದಾರಿಯುದ್ದಕ್ಕೂ ಆಯೋಜಕರ ಸ್ವಯಂಸೇವಕರು ನಿಂತಿರಬೇಕು. ಒಬ್ಬರ ಕಣ್ಣಿಗೂ ಬೀಳದ ಉದ್ದನೆಯ ಕಾಡುಭಾಗವಿದ್ದರೆ 200 ಗ್ರಾಮಿನ ಆರು ಸೆಕೆಂಡು ಲೆಕ್ಕಕ್ಕಿಲ್ಲ, ಒಯ್ಯಿರಿ. ಅಲ್ಲಿ ಸಿಗ್ನಲ್ ಇದೆಯೇ ಎಂದು ಅಭ್ಯಾಸದ ದಿನ ನೋಡಿಕೊಂಡಿರಿ. ಇಲ್ಲದ ಕಡೆಗೆ ಫೋನಿಗಿಂತ ಒಂದು ಪೀಪಿಯೇ ಮೇಲು. ನಂಬರ್ ಪ್ಲೇಟಿನ ಹಿಂಬದಿಯಲ್ಲಿ ನಿಮ್ಮ ಹೆಸರು, ರಕ್ತದ ಗುಂಪು, ಮನೆಯವರ ಫೋನ್ ಸಂಖ್ಯೆ ಬರೆದಿಡಿ. ಉಬ್ಬಸಕ್ಕೆ ಇನ್ಹೇಲರ್ ಬಳಸುವವರಾದರೆ, ಜೇನುಹುಳು ಕಡಿತದಿಂದ ಅಲರ್ಜಿಯಾಗುವವರಾದರೆ, ಅದರ ಔಷಧ ಈ ಲೆಕ್ಕಾಚಾರದಿಂದ ಹೊರಗೆ. ಅದು ನಿಮ್ಮ ಮೈಮೇಲೆಯೇ ಇರಬೇಕು.

ಹೀಗೆ ನಿಮ್ಮ ಬೈಕಿನ ಮೇಲೆ ಉಳಿಯುವುದು ಅರ್ಧ ಲೀಟರಿನ ಬಾಟಲಿ, ಪೋಣಿಸಿದ ಪ್ಲಗ್, ಎರಡು ಸಿಲಿಂಡರು ಮತ್ತು ತಲೆ, ಒಂದು ಟ್ಯೂಬು, ಒಂದು ಲಿವರು, ಚಿಕ್ಕ ಮಲ್ಟಿಟೂಲ್, ಕ್ವಿಕ್ ಲಿಂಕು. ಸಿಲಿಂಡರು ಎರಡು ಏಕೆಂದರೆ ಪ್ಲಗ್ಗಿಗೆ ಒಂದನ್ನು ಖರ್ಚು ಮಾಡಿದ ಮೇಲೂ ಟ್ಯೂಬಿಗೆ ಇನ್ನೊಂದು ಬೇಕಾಗಬಹುದು. ನೀರನ್ನು ಬಿಟ್ಟು, ತೆಳು ಟ್ಯೂಬಾದರೆ ಒಟ್ಟು ನಾನೂರು ಗ್ರಾಮಿನೊಳಗೆ, ಮಾಮೂಲಿ ಟ್ಯೂಬಾದರೆ ಐನೂರರ ಹತ್ತಿರ. ನಿಮ್ಮ ಜೊತೆ ಓಡುವ ಗೆಳೆಯರ ಟೈರಿನಲ್ಲಿ ಮಾಮೂಲಿ ಟ್ಯೂಬೇ ಇದ್ದರೆ ಪ್ಲಗ್ ಅವರಿಗೆ ನಿರುಪಯೋಗಿ. ಅವರು ಗಾಳಿಯನ್ನು 32-35 ಪಿಎಸ್‌ಐ ಇಟ್ಟುಕೊಂಡು, ಒಂದು ಟ್ಯೂಬು, ಎರಡು ಲಿವರು ಒಯ್ಯಲಿ.

ರೇಸಿನ ಹಿಂದಿನ ಭಾನುವಾರ ಇವಿಷ್ಟನ್ನೂ ಬೈಕಿಗೆ ಕಟ್ಟಿಕೊಂಡು ಒರಟು ದಾರಿಯಲ್ಲಿ ಎರಡು ಗಂಟೆ ಓಡಿಸಿ, ಯಾವುದಾದರೂ ಅಲುಗಾಡುತ್ತದೆಯೇ ಗಮನಿಸಿ. ಮನೆಗೆ ಬಂದು ಹಿಂಚಕ್ರ ಬಿಚ್ಚಿ, ಗಡಿಯಾರ ಇಟ್ಟುಕೊಂಡು, ಟ್ಯೂಬು ಹಾಕಿ ನೋಡಿ. ನಿಮಗೆ ಹದಿನೈದು ನಿಮಿಷ ಹಿಡಿದರೆ ಇನ್ನೆರಡು ಸಲ ಮಾಡಿ. ಆಮೇಲೂ ಹತ್ತರೊಳಗೆ ಬಾರದಿದ್ದರೆ ಟ್ಯೂಬನ್ನು ತಮ್ಮನ ಡಬ್ಬಿಗೆ ಹಾಕಿ, ಪ್ಲಗ್ಗನ್ನು ನಂಬಿ ಓಡಿ.